ಹುಂಜದ ಬಾಲ ಕುಡಿದ ಕೋಂಬಿ

ಆ ಊರಿನ ಪೆಟ್ರೋಲ್ ಬಂಕಿನಲ್ಲಿ ದನಿ ತಗ್ಗಿಸದೆ ಮಾತಾಡುತ್ತಿದ್ದ ಗಿರಾಕಿ ಲೆಯೊನಿಲ್ಡಾ ಒಬ್ಬಳೇ. ಮಿಕ್ಕವರು ಕಿಟಕಿಯಿಂದ ತಲೆ ಹೊರಹಾಕಿ, ಹಿಂದೆ ಮುಂದೆ ನೋಡಿಕೊಂಡು, ಬಂಕಿನ ಜಿಲ್ಮಾರನಿಗೆ ಮಾತ್ರ ಕೇಳಿಸುವಂತೆ "ಅರ್ಧ ಅರ್ಧ" ಎಂದು ಗೊಣಗುತ್ತಿದ್ದರು. ಲೆಯೊನಿಲ್ಡಾ ತನ್ನ ಕೋಂಬಿ ವ್ಯಾನಿನಿಂದ ಇಳಿದು, ಬಾಗಿಲನ್ನು ಧಡ್ಡನೆ ಮುಚ್ಚಿ, ರಸ್ತೆಯಾಚೆಯ ಬ್ರೆಡ್ ಅಂಗಡಿಗೂ ಕೇಳುವ ಹಾಗೆ ಹೇಳುತ್ತಿದ್ದಳು:

"ಜಿಲ್ಮಾರ್, ಹುಂಜದ ಬಾಲ ಹಾಕಪ್ಪಾ. ಕಬ್ಬಿನ ಕಡೆ ಕೈ ಬಿಗಿ ಹಿಡೀಬೇಡ."

ಹುಂಜದ ಬಾಲವೆಂದರೆ ಆ ಸೀಮೆಯ ಗಡಂಗುಗಳಲ್ಲಿ ಕಬ್ಬಿನ ಸಾರಾಯಿಗೆ ಸಿಹಿ ಮದ್ಯ ಬೆರೆಸಿ ಕೊಡುವ ಒಂದು ಲೋಟ. ಪೆಟ್ರೋಲಿನ ಕಾರಿಗೆ ಅರ್ಧ ಪೆಟ್ರೋಲ್, ಅರ್ಧ ಕಬ್ಬಿನ ಆಲ್ಕೋಹಾಲ್ ಕುಡಿಸುವ ಚಾಳಿ ಶುರುವಾದಾಗ ಜನ ಅದಕ್ಕೂ ಅದೇ ಹೆಸರಿಟ್ಟರು. ಸಾವೊ ಪಾವ್ಲೊ ರಾಜ್ಯದ ಒಳನಾಡಿನಲ್ಲಿ ಯಾವ ದಿಕ್ಕಿಗೆ ಹೊರಟರೂ ಕಬ್ಬೇ. ಸುಗ್ಗಿಯಲ್ಲಿ ಗದ್ದೆಗೆ ಬೆಂಕಿ ಇಟ್ಟರೆ ಸುಟ್ಟ ಗರಿಯ ಮಸಿ ಹಾರಿಬಂದು ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತಿತ್ತು. ಗಿರಣಿಯ ಹುಳಿ ವಾಸನೆ ಊಟದ ಮೇಜಿನವರೆಗೂ ಬರುತ್ತಿತ್ತು. ಮನೆಯ ಹಿತ್ತಿಲಿನಲ್ಲೇ ತಯಾರಾಗುವ ಅಗ್ಗದ ಇಂಧನವನ್ನು ಬಿಟ್ಟು, ದಿನಕ್ಕೊಂದು ಬೆಲೆ ಹೇಳುವ ಪೆಟ್ರೋಲನ್ನೇ ಹಾಕಿಸಬೇಕೆಂದರೆ ಯಾರು ತಾನೇ ಕೇಳುತ್ತಾರೆ? ಎರಡನ್ನೂ ಕುಡಿಯಬಲ್ಲ ಕಾರುಗಳು ಅಂಗಡಿಗೆ ಇನ್ನೂ ಬಂದಿರಲಿಲ್ಲ. ಪೆಟ್ರೋಲಿನ ಕಾರಿಗೆ ಮೇಲಿಂದ ಆಲ್ಕೋಹಾಲ್ ಸುರಿದರೆ ಗ್ಯಾರಂಟಿ ಇಲ್ಲ ಎಂದು ಮಾರುವವರು ಹೇಳುತ್ತಿದ್ದರು. ಆದ್ದರಿಂದ ಊರೆಲ್ಲ ಬೆರೆಸುತ್ತಿತ್ತು, ಊರೆಲ್ಲ ಬಾಯಿ ಮುಚ್ಚಿಕೊಂಡಿತ್ತು.

ಲೆಯೊನಿಲ್ಡಾಗೆ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸವಿರಲಿಲ್ಲ.

"ಬಂಕಿಗೆ ಬರೋ ಪೆಟ್ರೋಲಲ್ಲೇ ಸರ್ಕಾರದವರು ಆಲ್ಕೋಹಾಲ್ ಬೆರೆಸಿ ಕಳಿಸ್ತಾರೆ. ಅವರು ಬೆರೆಸಿದ್ರೆ ಇಂಧನ, ನಾನು ಬೆರೆಸಿದ್ರೆ ವಿಷವಾ?" ಎನ್ನುತ್ತಿದ್ದಳು.

ಅವಳು ಹುಟ್ಟಿದ್ದು ಕಬ್ಬಿನ ತೋಟದ ಆಳುಗಳ ಸಾಲುಮನೆಯಲ್ಲಿ. ಅಜ್ಜ ಇಟಲಿಯಿಂದ ಬಂದವನು. ಅಪ್ಪ ಕಬ್ಬು ಕಡಿಯುತ್ತಿದ್ದ. ಹೆಣ್ಣುಮಕ್ಕಳು ಕಟ್ಟು ಕಟ್ಟಬೇಕು, ಗಂಡುಮಕ್ಕಳು ಟ್ರ್ಯಾಕ್ಟರ್ ಕಲಿಯಬೇಕು ಎಂಬುದು ಅಲ್ಲಿನ ಕಟ್ಟಳೆ. ಅವಳು ಊಟದ ಹೊತ್ತಿನಲ್ಲಿ ಮೇಸ್ತ್ರಿ ನಿದ್ದೆಹೋದಾಗ ಟ್ರ್ಯಾಕ್ಟರ್ ಹತ್ತಿ ಗದ್ದೆಯ ಬದುವನ್ನು ಎರಡು ಸಲ ಒಡೆದು ಮೂರನೆಯ ಸಲ ಒಡೆಯದೆ ತಿರುಗಿಸಿದಳು. ಮೇಸ್ತ್ರಿ ಕೆಲಸದಿಂದ ಕಿತ್ತುಹಾಕಿದ. ಅವಳು ಅದಕ್ಕೆ ಅಳಲಿಲ್ಲ. ಊರಿಗೆ ಬಂದು ಕೋಂಬಿ ಓಡಿಸುವ ಅಜೆನೋರನನ್ನು ಮದುವೆಯಾದಳು. ಸಂತೆ ವ್ಯಾಪಾರಿಗಳನ್ನೂ ಅವರ ಸೊಪ್ಪು, ಮೊಟ್ಟೆ, ಕೋಳಿಗಳನ್ನೂ ದಿನಕ್ಕೊಂದು ಊರಿನ ಬೀದಿಸಂತೆಗೆ ಮುಟ್ಟಿಸುವುದು ಅಜೆನೋರನ ಕಸುಬು. ನಡುವಯಸ್ಸಿಗೆ ಅವನ ಕಣ್ಣು ಮಂಜಾಗುತ್ತ ಬಂದು ಪೂರ್ತಿ ಹೋಯಿತು. ಗಾಡಿ ಮಾರಿಬಿಡು ಎಂದು ನೆಂಟರು ಸಲಹೆ ಕೊಟ್ಟರು. ಲೆಯೊನಿಲ್ಡಾ ಮಾರನೆಯ ಬೆಳಿಗ್ಗೆ ಎಂದಿನ ಹೊತ್ತಿಗೆ ಸರಿಯಾಗಿ ಕೋಂಬಿಯನ್ನು ಸೊಪ್ಪಿನವರ ಬಾಗಿಲಿಗೆ ತಂದು ನಿಲ್ಲಿಸಿದಳು. ಗಂಡ ಪಕ್ಕದ ಸೀಟಿನಲ್ಲಿ ಕುಳಿತಿದ್ದ. ಅವನು ಆಮೇಲೂ ಅಲ್ಲೇ ಕುಳಿತ, ಇಂಜಿನಿನ ಸದ್ದು ಕೇಳಿ ತಪ್ಪು ಹುಡುಕುತ್ತ.

ಹುಂಜದ ಬಾಲ ಅವಳಿಗೆ ಸಲೀಸಾಗಿ ಒಲಿದದ್ದಲ್ಲ. ಮೊದಲ ವಾರ ಆಲ್ಕೋಹಾಲ್ ಹಳೆಯ ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತಿದ್ದ ಕೊಳೆಯನ್ನೆಲ್ಲ ಎಬ್ಬಿಸಿ ತಂದು ಫಿಲ್ಟರಿಗೆ ತುಂಬಿತು. ಕೋಂಬಿ ನಡುದಾರಿಯಲ್ಲಿ ನಿಂತಿತು. ಬಿಸಿಲಿಗೆ ಸೊಪ್ಪು ಬಾಡಿತು, ಹಿಂದಿನ ಸೀಟಿನಿಂದ ಬೈಗುಳ ಬಂತು. ಅವಳು ಫಿಲ್ಟರ್ ಬಿಚ್ಚಿ ತೊಳೆದು ಹಾಕಿದಳು. ಮತ್ತೆ ನಿಂತಿತು, ಮತ್ತೆ ತೊಳೆದಳು. ಮೆಕ್ಯಾನಿಕ್ ದಿರ್ಸೆವು ಅವಳ ಸೋದರತ್ತೆಯ ಮಗ. ಅವನಿಂದ ಕಾರ್ಬ್ಯುರೇಟರಿನ ಜೆಟ್ಟಿನ ತೂತನ್ನು ಕೂದಲೆಳೆಯಷ್ಟು ದೊಡ್ಡದು ಮಾಡಿಸಿದಳು, ರಬ್ಬರ್ ಕೊಳವೆಗಳನ್ನು ಬದಲಾಯಿಸಿದಳು. "ಅತ್ತಿಗೆ, ಒಂದು ದಿನ ಈ ಇಂಜಿನು ಕೈಗೆ ಬರುತ್ತೆ ನೋಡಿ" ಎಂದು ದಿರ್ಸೆವು ಹೆದರಿಸಿದ. "ಬಂದ ದಿನ ನೋಡ್ಕೊಳ್ಳೋಣ. ಇವತ್ತು ನನ್ನ ಕೈಯಲ್ಲಿರೋದು ಸ್ಟೀರಿಂಗು" ಎಂದಳು. ಕೆಲವು ತಿಂಗಳಲ್ಲಿ ದಿರ್ಸೆವು ಕೂಡ ತನ್ನ ಕಾರಿಗೆ ಅದನ್ನೇ ಹಾಕತೊಡಗಿದ. ಬಾಯಿ ಮಾತ್ರ ಬಿಡಲಿಲ್ಲ.

ಆ ಸೀಮೆಯ ಚಳಿಗಾಲವಾದ ಜುಲೈ ತಿಂಗಳಿನಲ್ಲಿ ಚಾಲಕರ ಸಂತ ಕ್ರಿಸ್ತೋವಾನನ ಹಬ್ಬ. ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡು ಹೊಳೆ ದಾಟಿದ ಆ ಸಂತನ ಮರದ ವಿಗ್ರಹವನ್ನು ಒಂದು ಗಾಡಿಯ ಮೇಲೇರಿಸಿ, ಅದರ ಹಿಂದೆ ಊರಿನ ಗಾಡಿಗಳೆಲ್ಲ ಸಾಲಾಗಿ ಊರು ಸುತ್ತಿ, ಕೊನೆಗೆ ಗುಡ್ಡದ ಮೇಲಿನ ಶಿಲುಬೆಯ ಬಳಿ ಪಾದ್ರಿಯಿಂದ ತೀರ್ಥ ಹಾಕಿಸಿಕೊಳ್ಳಬೇಕು. ಸಂತನನ್ನು ಹೊರುತ್ತಿದ್ದದ್ದು ಅಜೆನೋರನ ಕೋಂಬಿ. ಅವನ ಕಣ್ಣು ಹೋದ ಮೇಲೂ ಅದೇ ಕೋಂಬಿ, ಚಕ್ರ ಹಿಡಿದವಳು ಮಾತ್ರ ಅವನ ಹೆಂಡತಿ. ಲೆಯೊನಿಲ್ಡಾ ಭಾನುವಾರದ ಪೂಜೆಗೆ ಹೋಗುತ್ತಿದ್ದದ್ದು ಅಪರೂಪ. ಆದರೆ ಆ ಒಂದು ಬೆಳಗಿನ ಸವಾರಿಯನ್ನು ತನ್ನ ಹಕ್ಕೆಂದು ತಿಳಿದಿದ್ದಳು. ಹೆಂಗಸಿನ ಕೈಗೆ ಗಾಡಿ ಬಂದಾಗ ನಕ್ಕವರೆಲ್ಲ ವರ್ಷಕ್ಕೊಮ್ಮೆ ಅವಳ ಹಿಂದೆ ಸಾಲುಗಟ್ಟಿ ಬರಬೇಕಿತ್ತಲ್ಲ!

ಆ ವರ್ಷ ಹಬ್ಬದ ಯಜಮಾನಿಕೆ ಎವರಿಸ್ತೊ ಲುನಾರ್ದಿಯ ಪಾಲಿಗೆ ಬಂತು. ಎವರಿಸ್ತೊ ಊರಿನ ಕಾರು ಮಾರಾಟಗಾರ, ಲೆಯೊನಿಲ್ಡಾಳ ಮಗಳಿಗೆ ಜ್ಞಾನಸ್ನಾನದ ತಂದೆ; ಆ ನಂಟಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಬೀಗರೆಂದು ಕರೆಯುತ್ತಿದ್ದರು. ಚರ್ಚಿನ ಹಜಾರದಲ್ಲಿ ಸಭೆ ಸೇರಿದಾಗ, ಸಂತನನ್ನು ಈ ಸಲ ತನ್ನ ಅಂಗಡಿಯ ಹೊಸ ಬೆಳ್ಳಿಬಣ್ಣದ ಪಿಕಪ್ ಹೊರುತ್ತದೆ ಎಂದು ಅವನು ಹೇಳಿದ.

"ಯಾಕೆ? ನನ್ನ ಕೋಂಬಿಗೆ ಏನಾಗಿದೆ ಬೀಗರೇ?" ಎಂದು ಲೆಯೊನಿಲ್ಡಾ ಎದ್ದು ನಿಂತಳು.

"ಕೋಂಬಿಗೆ ಏನೂ ಆಗಿಲ್ಲ. ಅದರ ಹೊಟ್ಟೆಗೆ ನೀವು ಹಾಕೋದಿದೆಯಲ್ಲ, ಅದು ಸರಿಯಿಲ್ಲ. ಗುಡ್ಡ ಹತ್ತುವಾಗ ನಿಂತುಬಿಟ್ರೆ? ಸಂತನನ್ನ ನಡುದಾರೀಲಿ ಬಿಟ್ಟು ನಾವು ತಳ್ಳಬೇಕಾ?"

"ಬರೀ ಆಲ್ಕೋಹಾಲಲ್ಲಿ ಓಡೋ ಕಾರು ಬಂದಾಗ ನನ್ನ ತಮ್ಮನಿಗೆ ಒಂದು ಮಾರಿದವರು ಯಾರು? 'ಕಬ್ಬು ನಮ್ಮ ಚಿನ್ನ, ನಮ್ಮ ಹೆಮ್ಮೆ' ಅಂತ ಅಂಗಡಿ ಮುಂದೆ ಬಟ್ಟೆ ಕಟ್ಟಿದ್ದು ಯಾರು? ಆಮೇಲೆ ಬಂಕಲ್ಲಿ ಆಲ್ಕೋಹಾಲ್ ಸಿಗದೆ ಅವನು ಸಾಲಲ್ಲಿ ನಿಂತು ಒಣಗಿದಾಗ ನೀವು ಬೀಗ ಹಾಕ್ಕೊಂಡು ಒಳಗಿದ್ರಿ."

"ಅದು ಬೇರೆ, ಇದು ಬೇರೆ. ಅದಕ್ಕೆ ಅಂತಲೇ ಮಾಡಿದ ಕಾರು ಅದು. ನಿಮ್ಮದು ಕಲಬೆರಕೆ."

ಲೆಯೊನಿಲ್ಡಾ ಹಜಾರದ ಸುತ್ತ ಕಣ್ಣಾಡಿಸಿದಳು. ದಿರ್ಸೆವು ಉಗುರು ನೋಡಿಕೊಳ್ಳುತ್ತಿದ್ದ. ಬ್ರೆಡ್ ಅಂಗಡಿಯ ಓಸ್ನಿ ಎವರಿಸ್ತೊನ ಬಳಿಯೇ ಹೊಸ ವ್ಯಾನು ಕೊಂಡವನು. ವಾರಕ್ಕೆರಡು ಸಲ ಅವಳ ಹಿಂದೆಯೇ ಬಂಕಿನ ಸಾಲಿನಲ್ಲಿ ನಿಲ್ಲುತ್ತಿದ್ದ ಅವನೀಗ ಟೋಪಿಯ ಅಂಚನ್ನು ತಿರುವುತ್ತಿದ್ದ. ಜಿಲ್ಮಾರ್ ಮಾಡಿನ ಹೆಂಚು ಎಣಿಸುವವನಂತೆ ಮೇಲೆ ನೋಡುತ್ತಿದ್ದ.

"ಇಲ್ಲಿ ಕಲಬೆರಕೆ ನನ್ನೊಬ್ಬಳದೇ ಏನ್ರಪ್ಪಾ?" ಎಂದು ಕೇಳಿದಳು.



"ಹಾಗಿದ್ರೆ ಸರಿ. ನಾಳೆಯಿಂದ ಬಂಕಲ್ಲಿ ನನ್ನ ಹಿಂದೆ ಯಾರೂ ನಿಲ್ಲಬೇಡಿ. ನನ್ನ ವಾಸನೆ ನಿಮಗೆ ಹತ್ತೀತು" ಎಂದು ಹೇಳಿ ಹೊರಟುಹೋದಳು.

ಹಬ್ಬಕ್ಕೆ ಒಂದು ವಾರವಿದ್ದಾಗ ಪಾದ್ರಿ ಅಂಬ್ರೋಸಿಯೊ ಮನೆಗೆ ಬಂದರು. ಜಗಳ ತಮ್ಮ ಮನೆ ಬಾಗಿಲಿಗೆ ಬಾರದಿರಲಿ ಎಂದು ಸದಾ ಬಯಸುವ, ಅದಕ್ಕಾಗಿಯೇ ಜಗಳವಾಡುವವರ ಮನೆಗೆಲ್ಲ ತಿರುಗುವ ಮನುಷ್ಯ. ಕಾಫಿ ಕುಡಿದರು, ಒಲೆಯ ಮೇಲಿದ್ದ ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ ಚೆನ್ನಾಗಿದೆ ಎಂದರು, ಕೊನೆಗೆ ಬಂದ ಕೆಲಸ ಹೇಳಿದರು.

"ದೋನಾ ಲೆಯೊನಿಲ್ಡಾ, ಎವರಿಸ್ತೊನ ಹತ್ತಿರ ಮಾತಾಡಿದೀನಿ. ಅವನು ಒಪ್ಪಿದಾನೆ. ಹಬ್ಬದ ದಿನ ಒಂದು ದಿನ ಮಾತ್ರ ನೀವು ಟ್ಯಾಂಕು ಖಾಲಿಮಾಡಿ ಬರೀ ಪೆಟ್ರೋಲ್ ಹಾಕಿಸಿ. ಹಾಕಿಸಿದೀನಿ ಅಂತ ಎಲ್ಲರ ಮುಂದೆ ಒಂದು ಮಾತು ಹೇಳಿ. ಸಂತ ನಿಮ್ಮ ಗಾಡಿಗೇ."

ಮೂಲೆಯಲ್ಲಿ ಕುಳಿತಿದ್ದ ಅಜೆನೋರನ ಮುಖ ಅರಳಿತು. "ಆಯ್ತಲ್ಲ! ಒಂದು ದಿನದ ಪೆಟ್ರೋಲು. ಅಷ್ಟಕ್ಕೆ ಯಾಕೆ ಹಟ? ಹೂಂ ಅನ್ನೇ."

"ಸಂತ ನೀರಲ್ಲಿ ಇಳಿದಾಗ ಕಾಲು ಒದ್ದೆ ಮಾಡ್ಕೊಳ್ಳಲಿಲ್ವಾ ಪಾದ್ರಿಗಳೇ?" ಎಂದಳು ಲೆಯೊನಿಲ್ಡಾ.

"ಮಾಡ್ಕೊಂಡ."

"ನಾನು ವರ್ಷವೆಲ್ಲ ಏನು ಹಾಕಿ ಅನ್ನ ತಿಂತೀನೋ ಅದರ ಮೇಲೆ ಬರೋ ಹಾಗಿದ್ರೆ ಬರಲಿ. ಇಲ್ಲದಿದ್ರೆ ಬೆಳ್ಳಿ ಗಾಡೀಲಿ ಹೋಗಲಿ. ಒಂದು ದಿನಕ್ಕೆ ಒಳ್ಳೆ ಹೆಂಗಸಿನ ವೇಷ ಹಾಕಿ, ಅದನ್ನ ಬಾಯಿಬಿಟ್ಟು ಹೇಳೋದು ನನ್ನ ಕೈಲಿ ಆಗಲ್ಲ."

"ಇದು ಅಹಂಕಾರ ಅಲ್ವೇನಮ್ಮ?"

"ಇರಬಹುದು. ಅದನ್ನ ತಪ್ಪೊಪ್ಪಿಗೆಗೆ ಬಂದಾಗ ಹೇಳ್ತೀನಿ. ಇನ್ನೊಂದು ಲೋಟ ಕಾಫಿ ಕೊಡ್ಲಾ?"

ಪಾದ್ರಿ ಹೋದ ಮೇಲೆ ಅಜೆನೋರ್ ಪಾತ್ರೆಯ ಸದ್ದಿನತ್ತ ಮುಖ ತಿರುಗಿಸಿದ. ಆಮೇಲೆ, "ಆ ಗಾಡಿ ನನ್ನದು ಕಣೇ. ನನಗೂ ವರ್ಷಕ್ಕೊಂದು ದಿನ ಅದು" ಎಂದ. ಅವಳಿಗೆ ಅದು ತಾಗಲಿಲ್ಲವೆಂದಲ್ಲ. ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೈ ಒರೆಸಿಕೊಂಡು ಅವನೆದುರು ಬಂದು ಕುಳಿತಳು.

"ಗೊತ್ತು. ಆದ್ರೆ ಇವತ್ತು ಸುಳ್ಳು ಹೇಳಿ ಸಂತನ್ನ ತಂದ್ರೆ, ಮುಂದಿನ ವರ್ಷವೂ ಹೇಳಬೇಕು. ಎವರಿಸ್ತೊ ಕೇಳಿದಾಗೆಲ್ಲ ಹೇಳಬೇಕು. ನಿನಗೆ ಅದು ಬೇಕಾ?"



ಹಬ್ಬದ ಬೆಳಿಗ್ಗೆ ಹುಲ್ಲಿನ ಮೇಲೆ ಮಂಜು ಬೆಳ್ಳಗೆ ಗಟ್ಟಿಯಾಗಿತ್ತು. ಚರ್ಚಿನ ಮುಂದಿನ ಚೌಕದ ಸುತ್ತ ಲಾರಿ, ಕಾರು, ಪಿಕಪ್ಪುಗಳು ಒತ್ತಿ ನಿಂತಿದ್ದವು. ಎವರಿಸ್ತೊನ ಬೆಳ್ಳಿ ಗಾಡಿ ಮೆಟ್ಟಿಲ ಬುಡದಲ್ಲೇ ಇತ್ತು, ಕಾಗದದ ಹೂವು ಸುತ್ತಿಕೊಂಡು, ಹಿಂದಿನ ಹಲಗೆ ಇಳಿಸಿಕೊಂಡು. ಲೆಯೊನಿಲ್ಡಾ ತಡವಾಗಿ ಬಂದಳು. ಪಕ್ಕದಲ್ಲಿ ಅಜೆನೋರ್ ಮದುವೆಯ ಕೋಟು ಹಾಕಿಕೊಂಡು ಕುಳಿತಿದ್ದ. ಚೌಕದ ತೀರ ಕೊನೆಯಲ್ಲಿ, ಕಸದ ಡಬ್ಬಿಯ ಪಕ್ಕ ಜಾಗ ಸಿಕ್ಕಿತು. ಗಾಡಿ ನಿಲ್ಲಿಸಿ ಇಂಜಿನ್ ಆರಿಸಿದಳು.

ಮಿಕ್ಕವರು ಆರಿಸಿರಲಿಲ್ಲ. ಚಳಿಗೆ ಇಂಜಿನು ಬಿಸಿಯಾಗಿರಲಿ ಎಂದು ಎಲ್ಲರೂ ಗುರುಗುಟ್ಟಿಸುತ್ತಿದ್ದರು. ಗಾಳಿ ಆಡುತ್ತಿರಲಿಲ್ಲವಾದ್ದರಿಂದ ಬಿಳಿ ಹೊಗೆ ಮೇಲೇಳದೆ ಚೌಕದಲ್ಲೇ ತುಂಬಿಕೊಂಡಿತು. ಅದರಲ್ಲಿ ಪೆಟ್ರೋಲಿನ ಘಾಟಿಗಿಂತ ಹೆಚ್ಚಾಗಿ ಇದ್ದದ್ದು ಗಡಂಗಿನ ಬಾಗಿಲು ತೆರೆದಾಗ ಮುಖಕ್ಕೆ ಹೊಡೆಯುವ ಸಿಹಿಹುಳಿ ವಾಸನೆ. ಬಾಗಿಲಿಗೆ ಬಂದ ಪಾದ್ರಿ ಮೂಗು ಉಜ್ಜಿಕೊಂಡರು.

ಎವರಿಸ್ತೊ ಧ್ವನಿವರ್ಧಕ ಹಿಡಿದುಕೊಂಡಿದ್ದ. "ಶುದ್ಧ ಪೆಟ್ರೋಲಿನ ಗಾಡಿಗಳು ಮುಂದೆ ಬನ್ನಿ. ಬೆರೆಸಿದವರು ಯಾರಾದ್ರೂ ಇದ್ರೆ ದಯವಿಟ್ಟು ಕೊನೆಗೆ. ದೋನಾ ಲೆಯೊನಿಲ್ಡಾ, ನಿಮ್ಮ ಗಾಡಿ ವಾಸನೆ ಸಂತನ ಮೂಗಿನವರೆಗೂ ಬರ್ತಾ ಇದೆ. ಇನ್ನೊಂದು ಸ್ವಲ್ಪ ಹಿಂದಕ್ಕೆ ಹೋಗಿ ಬೀಗಿತ್ತಿ!"

ಕೆಲವರು ನಕ್ಕರು. ಲೆಯೊನಿಲ್ಡಾ ಬಾಗಿಲು ತೆರೆದು ಕೋಂಬಿಯ ಮುಂದಿನ ಬಂಪರಿನ ಮೇಲೆ ಹತ್ತಿ ನಿಂತಳು. ಕೀಲಿಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಅಲ್ಲಾಡಿಸಿದಳು.

"ನನ್ನ ಗಾಡಿ ಆರಿದೆ ಬೀಗರೇ! ಕೀಲಿ ನನ್ನ ಕೈಯಲ್ಲಿದೆ. ಈ ವಾಸನೆ ಯಾರ ಮನೇದು ಅಂತ ವಿಚಾರಿಸಿ!"

ಸುತ್ತ ಮಿಕ್ಕ ಇಂಜಿನುಗಳೆಲ್ಲ ಗುರುಗುಟ್ಟುತ್ತಲೇ ಇದ್ದವು. ಆಮೇಲೆ ಒಬ್ಬ ಲಾರಿಯವನು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನಗು ಗಾಡಿಯಿಂದ ಗಾಡಿಗೆ ಹಬ್ಬಿತು. ಯಾರೋ ಅವಸರದಲ್ಲಿ ಇಂಜಿನ್ ಆರಿಸಿದ, ಅದನ್ನು ಕಂಡು ಜನ ಮತ್ತಷ್ಟು ನಕ್ಕರು. ಪಾದ್ರಿ ಅಂಗಿಯ ತೋಳಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಹೊತ್ತಿಗೆ ಸರಿಯಾಗಿ ನಾಲ್ವರು ಸಂತನನ್ನು ಹೆಗಲ ಮೇಲೆ ಹೊತ್ತು ಹೊರಗೆ ಬಂದರು. ಮುಂದೆ ದಿರ್ಸೆವು ಮತ್ತು ಓಸ್ನಿ, ಹಿಂದೆ ಜಿಲ್ಮಾರ್ ಮತ್ತು ಅವನ ಅಣ್ಣ. ಮೆಟ್ಟಿಲಿಳಿದು ಬೆಳ್ಳಿ ಗಾಡಿಯ ಹಲಗೆಯ ಮುಂದೆ ಬಂದಾಗ ಎವರಿಸ್ತೊ ಕೈ ಚಾಚಿದ. ದಿರ್ಸೆವು ನಿಲ್ಲಲಿಲ್ಲ. ಅವನು ನಿಲ್ಲದಿದ್ದರಿಂದ ಮಿಕ್ಕ ಮೂವರೂ ನಿಲ್ಲುವಂತಿರಲಿಲ್ಲ.

"ಏಯ್, ಇಲ್ಲಿ! ಇಲ್ಲಿ ಕಣ್ರೋ!" ಎಂದು ಎವರಿಸ್ತೊ ಧ್ವನಿವರ್ಧಕದಲ್ಲೇ ಕೂಗಿದ.

ಸಂತ ಚೌಕದ ಉದ್ದಕ್ಕೂ ಓಲಾಡುತ್ತ ಹೋಗಿ ಕಸದ ಡಬ್ಬಿಯ ಪಕ್ಕ ನಿಂತ.

"ಅತ್ತಿಗೆ, ಗಾಡಿ ಮೇಲಿನ ಹಗ್ಗ ಬಿಚ್ಚಿ. ಭಾರ ಆಗ್ತಿದೆ" ಎಂದ ದಿರ್ಸೆವು.

ಲೆಯೊನಿಲ್ಡಾ ಹಗ್ಗ ಮುಟ್ಟಲಿಲ್ಲ. ಕೋಂಬಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಆ ದಿನ ಹಜಾರದಲ್ಲಿ ನಾನು ಒಂದು ಪ್ರಶ್ನೆ ಕೇಳಿದ್ದೆ. ಉತ್ತರ ಬರಲಿಲ್ಲ."

"ಅಯ್ಯೋ, ಈಗ ಅದೆಲ್ಲಾ ಯಾಕೆ? ತಂದಿದೀವಲ್ಲ!"

"ಕಳ್ಳರ ಹಾಗೆ ತಂದಿಟ್ಟು ಹೋಗೋಕೆ ಇದು ಕದ್ದ ಕೋಳಿ ಅಲ್ಲ. ನಿಮ್ಮ ಟ್ಯಾಂಕಲ್ಲಿ ಏನಿದೆ ಅಂತ ಹೇಳಿ, ಗಾಡಿ ಮೇಲಿಡಿ. ಹೇಳೋಕಾಗದಿದ್ರೆ ಅಲ್ಲಿಗೇ ವಾಪಸ್ ಹೊತ್ಕೊಂಡ್ಹೋಗಿ. ದಾರಿ ಗೊತ್ತಿದೆಯಲ್ಲ."

"ಹೆಗಲು ಬಿದ್ದುಹೋಗ್ತಿದೆ ದೋನಾ ಲೆಯೊನಿಲ್ಡಾ!" ಎಂದ ಹಿಂದಿನಿಂದ ಜಿಲ್ಮಾರ್.

"ಬೇಗ ಹೇಳು ಮತ್ತೆ."

"ಹುಂಜದ ಬಾಲ!" ಎಂದು ಜಿಲ್ಮಾರ್ ಅರಚಿದ. "ನನ್ನದೂ ಅದೇ, ನಮ್ಮಣ್ಣಂದೂ ಅದೇ. ದಿನಾ ಊರಿಗೆಲ್ಲಾ ಹಾಕೋನು ನಾನೇ!"

"ನನ್ನದೂ" ಎಂದ ದಿರ್ಸೆವು. "ಮುಕ್ಕಾಲು ಪಾಲು ಕಬ್ಬು" ಎಂದೂ ಸೇರಿಸಿದ. ಹೇಳುವುದೇ ಆದರೆ ಪೂರ್ತಿ ಹೇಳಿಬಿಡೋಣ ಎನಿಸಿರಬೇಕು.

ಓಸ್ನಿ ಉಳಿದ. ಅವನ ವ್ಯಾನಿಗೆ ಇನ್ನೂ ಗ್ಯಾರಂಟಿ ಇತ್ತು. ಅದನ್ನು ಕೊಟ್ಟವನು ಧ್ವನಿವರ್ಧಕ ಹಿಡಿದು ಅವರತ್ತಲೇ ಓಡಿ ಬರುತ್ತಿದ್ದ.

"ಓಸ್ನಿ, ನೀನು ಹೇಳಲೇಬೇಕು ಅಂತ ಇಲ್ಲ. ಹೆಗಲು ಬದಲಾಯಿಸೋಕೆ ಬೇರೆಯವರಿದಾರೆ" ಎಂದಳು ಲೆಯೊನಿಲ್ಡಾ. ಅವಳ ದನಿಯಲ್ಲಿ ಕನಿಕರವೇನೂ ಇರಲಿಲ್ಲ. ಇದ್ದ ಸಂಗತಿಯನ್ನಷ್ಟೇ ಹೇಳಿದಳು.

ಅದು ಓಸ್ನಿಗೆ ಚುಚ್ಚಿತು. ಎವರಿಸ್ತೊನ ಕಡೆ ಪೂರ್ತಿ ತಿರುಗಲಾಗದೆ ಅರ್ಧ ತಿರುಗಿ, "ಅರ್ಧ ಅರ್ಧ, ಯಜಮಾನರೇ! ಕೊಂಡ ತಿಂಗಳಿಂದ!" ಎಂದು ಕೂಗಿದ.

"ನಿನ್ನ ಗ್ಯಾರಂಟಿ ಹೋಯ್ತು ತಿಳ್ಕೋ!" ಎಂದ ಎವರಿಸ್ತೊ. ಧ್ವನಿವರ್ಧಕ ಬಾಯಿಯ ಹತ್ತಿರವೇ ಇದ್ದುದರಿಂದ ಊರಿಗೆಲ್ಲ ಕೇಳಿಸಿತು.

"ಹೋಗಲಿ ಬಿಡಿ. ದಿರ್ಸೆವು ಇದಾನೆ."

ಆಮೇಲೆ ಅದು ಒಂದು ಆಟದಂತಾಯಿತು. ಕಿಟಕಿ ಇಳಿಸಿ ಒಬ್ಬೊಬ್ಬರೇ ತಮ್ಮ ತಮ್ಮ ಪಾಲು ಕೂಗತೊಡಗಿದರು. ಕೂಗದೆ ಗಾಜು ಏರಿಸಿಕೊಂಡವರೂ ಇದ್ದರು. ಲೆಯೊನಿಲ್ಡಾ ಅವರ ಕಡೆ ನೋಡಲಿಲ್ಲ. ಸೊಪ್ಪಿನ ಪೆಟ್ಟಿಗೆ ಕಟ್ಟುವ ಹಗ್ಗದಿಂದ ಸಂತನನ್ನು ಕೋಂಬಿಯ ನೆತ್ತಿಗೆ ಬಿಗಿದಳು. ಪಾದ್ರಿ ಅಂಬ್ರೋಸಿಯೊ ಏನೂ ನಡೆದೇ ಇಲ್ಲವೆಂಬಂತೆ ಬಂದು ಅದರ ಮುಂದೆ ನಿಂತರು. ಎವರಿಸ್ತೊ ತನ್ನ ಹೂವಿನ ಗಾಡಿ ಹತ್ತಿ, ಮುಂದಿನವರು ಸಾಗಲೆಂದು ಕಾದು, ಹಬ್ಬದ ಯಜಮಾನ ಮನೆಗೆ ಹೋಗುವಂತಿಲ್ಲವಾದ್ದರಿಂದ ಸಾಲಿನ ನಡುವೆ ಎಲ್ಲೋ ಸೇರಿಕೊಂಡ.

ಮೆರವಣಿಗೆ ನಡೆಯುವವರ ವೇಗದಲ್ಲಿ ಊರು ಸುತ್ತಿತು. ಗುಡ್ಡದ ಏರು ಅರ್ಧ ಹತ್ತಿದಾಗ ಕೋಂಬಿ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ನಿಂತಿತು.

ಹಿಂದಿನ ಸಾಲೆಲ್ಲ ನಿಂತಿತು. ಕೆಳಗಿನಿಂದ ಎವರಿಸ್ತೊನ ಹಾರನ್ನು ಎರಡು ಸಲ ಕೇಳಿತು. ದಿರ್ಸೆವು, ಓಸ್ನಿ, ಇನ್ನೂ ನಾಲ್ಕಾರು ಮಂದಿ ಗಾಡಿಗಳಿಂದ ಜಿಗಿದು ಓಡಿ ಬಂದು ಕೋಂಬಿಯ ಬೆನ್ನಿಗೆ ಕೈ ಹಚ್ಚಿದರು. ಲೆಯೊನಿಲ್ಡಾ ಕೈಬ್ರೇಕು ಎಳೆದು ಕಿಟಕಿಯಿಂದ ತಲೆ ಹೊರಹಾಕಿದಳು.

"ಕೈ ತೆಗೀರಿ! ಚಕ್ರಕ್ಕೊಂದು ಕಲ್ಲು ಕೊಟ್ಟು ದೂರ ನಿಲ್ಲಿ. ತಳ್ಳಿಸ್ಕೊಂಡು ಹತ್ತೋಕೆ ಬಂದಿಲ್ಲ ನಾನು."

"ಅತ್ತಿಗೆ, ಹಟ ಮಾಡಬೇಡಿ, ಸಂತ ಮೇಲಿದಾನೆ..."

"ಅವನಿಗೇನೂ ಅವಸರ ಇಲ್ಲ."

ಅವಳು ಚೋಕನ್ನು ಅರ್ಧ ಎಳೆದಳು. ಕೀಲಿ ತಿರುಗಿಸಿದಳು. ಇಂಜಿನು ಗೊರಗೊರ ಎಂದು ಸುಮ್ಮನಾಯಿತು. ಅಜೆನೋರ್ ಕೋಟಿನ ಗುಂಡಿಯನ್ನು ಹಿಡಿದುಕೊಂಡು ಕಿವಿಗೊಟ್ಟು ಕುಳಿತಿದ್ದ. ಅವಳು ಅವಸರಪಡಲಿಲ್ಲ. ಕೈಗಳನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಮತ್ತೆ ಕೀಲಿ ತಿರುಗಿಸಿದಳು. ಈ ಸಲ ಹಿಡಿಯಿತು. ಒಂದು ಬುಗ್ಗೆ ಬಿಳಿ ಹೊಗೆ ಓಸ್ನಿಯ ಮುಖಕ್ಕೇ ಹೊಡೆಯಿತು. ಮೊದಲ ಗೇರಿನಲ್ಲಿ, ಹಗ್ಗ ಕಿರುಗುಟ್ಟಿಸುತ್ತ, ಗಾಡಿ ಮುಂದೆ ಸರಿಯಿತು.

ತಿರುವಿನಲ್ಲಿ ಅಜೆನೋರ್ ಬಾಯಿಬಿಟ್ಟ.

"ನಿಂತುಬಿಡ್ತು ಅಂತ ನಾಳೆ ಊರೆಲ್ಲ ಆಡ್ಕೊಳ್ಳುತ್ತೆ ಕಣೇ."

"ಆಡ್ಕೊಳ್ಳಲಿ" ಎಂದಳು ಲೆಯೊನಿಲ್ಡಾ. "ಆಮೇಲೆ ಹೊರಟ್ತು ಅಂತಾನೂ ಹೇಳಬೇಕಾಗುತ್ತಲ್ಲ."

ಹಾಗೆಂದು ಎರಡನೆಯ ಗೇರಿಗೆ ಹಾಕಿದಳು.